ಗುಟ್ಟಿನ ಗೆಳೆಯನ ಎರಡನೆಯ ಮೊಟ್ಟೆ

ಐವತ್ತು ದಾಟಿದ ಗಂಡಸಿಗೆ ತನ್ನನ್ನು ಯಾರೋ ಗುಟ್ಟಾಗಿ ಹಚ್ಚಿಕೊಂಡಿದ್ದಾರೆ ಎಂಬ ಅನುಮಾನ ಬರಬಾರದು. ಬಂದರೆ ಅದು ಸಕ್ಕರೆ ಕಾಯಿಲೆಗಿಂತ ಕಷ್ಟ, ಪಥ್ಯಕ್ಕೂ ಬಗ್ಗುವುದಿಲ್ಲ. ನನಗೆ ಅದು ಬಂದದ್ದು ನಮ್ಮ ಚರ್ಚಿನ ಹದಿಹರೆಯದ ಮಕ್ಕಳ ರಿಟ್ರೀಟಿನಲ್ಲಿ, ಎಂದರೆ ಊರಾಚೆಯ ಪ್ರಾರ್ಥನಾ ಶಿಬಿರದಲ್ಲಿ. ಅದೂ ಬೈಬಲನ್ನು ಕಂಕುಳಲ್ಲಿಟ್ಟುಕೊಂಡು, ಕುತ್ತಿಗೆಗೆ ಪೀಪಿ ನೇತುಹಾಕಿಕೊಂಡು, ಶಿಸ್ತಿನ ಮೇಲ್ವಿಚಾರಕನಾಗಿ ಹೋಗಿದ್ದಾಗ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟರು; ಭಾನುವಾರ ಸಂಡೇ ಸ್ಕೂಲಿನ ಮುಖ್ಯಸ್ಥ. ನಮ್ಮ ಕಾಲದಲ್ಲಿ ರಿಟ್ರೀಟು ಇರಲಿಲ್ಲ. ಮಗನ ಆತ್ಮ ದಾರಿ ತಪ್ಪಿದೆ ಎಂದು ಕಂಡರೆ ನಮ್ಮ ತಂದೆಯವರು ಹುಣಸೆ ಬರಲು ಹಿಡಿದು ಹಿತ್ತಿಲಿನಲ್ಲೇ ಕಾರ್ಯಕ್ರಮ ಮುಗಿಸುತ್ತಿದ್ದರು. ಊಟ ವಸತಿಯ ಏರ್ಪಾಡು ಬೇಕಾಗುತ್ತಿರಲಿಲ್ಲ. ಆದರೆ ಹೊಸದಾಗಿ ಬಂದ ನಮ್ಮ ಅಯ್ಯನವರು (ಪಾದ್ರಿಗಳನ್ನು ನಾವು ಕರೆಯುವುದು ಹಾಗೆ) ಗಿಟಾರ್ ಬಾರಿಸುವ ವಯಸ್ಸಿನವರು. ಗುಬ್ಬಿಯಿಂದ ಚೇಳೂರಿಗೆ ಹೋಗುವ ರಸ್ತೆಯಲ್ಲಿ ರಜೆಗೆ ಖಾಲಿಯಾಗಿದ್ದ ಒಂದು ಹಾಸ್ಟೆಲ್ ಹಿಡಿದು, ತುಮಕೂರು, ಗುಬ್ಬಿ, ಕುಣಿಗಲ್ ಮಕ್ಕಳನ್ನೆಲ್ಲ ಅಲ್ಲಿಗೆ ತುಂಬಿದರು. ಅವರನ್ನು ಕಾಯಲು ನನ್ನನ್ನೂ ತುಂಬಿದರು.

ಮೊದಲ ದಿನವೇ ಅಯ್ಯನವರು ನನ್ನ ಕೈಗೆ ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟರು. ಒಳಗೆ ಹೆಸರುಗಳ ಚೀಟಿ. "ನೋಡ್ರಪ್ಪಾ, ಇದು ಗುಟ್ಟಿನ ಗೆಳೆಯ. ನಿಮಗೆ ಯಾರ ಹೆಸರು ಬರುತ್ತೋ ಅವರಿಗೋಸ್ಕರ ದಿನಾ ಪ್ರಾರ್ಥನೆ ಮಾಡ್ಬೇಕು, ಕಾಣದ ಹಾಗೆ ಏನಾದ್ರೂ ಉಪಕಾರ ಮಾಡ್ಬೇಕು. ಕೊನೇ ದಿನ ಎದ್ದು ನಿಂತು ನಾನೇ ಅನ್ನಿ. ಅಲ್ಲೀವರ್ಗೂ ಬಾಯಿ ಬಿಡಂಗಿಲ್ಲ!" ಎಂದರು. ಮಕ್ಕಳು ಗಲಾಟೆ ಮಾಡುತ್ತಾ ಚೀಟಿ ಎತ್ತಿದರು. ಡಬ್ಬಿ ಹಿಡಿದಿದ್ದ ನಾನು ಕೊನೆಗೆ ಇಣುಕಿದರೆ ಅದು ಖಾಲಿ. ನಾನು ಚೀಟಿ ಎತ್ತಿಲ್ಲ, ಡಬ್ಬಿಯಲ್ಲಿ ಚೀಟಿ ಉಳಿದಿಲ್ಲ. ಆದ್ದರಿಂದ ನನ್ನ ಹೆಸರು ಯಾರದೋ ಜೇಬು ಸೇರಿದೆ ಎಂದು ತೀರ್ಮಾನಿಸಿದೆ. ಗಣಿತದ ಮೇಷ್ಟರಾಗಿದ್ದರೆ ಅಲ್ಲೇ ತಿಳಿಯುತ್ತಿತ್ತು.

ಮಾರನೆಯ ಬೆಳಿಗ್ಗೆ ತಟ್ಟೆ ನೋಡುತ್ತೇನೆ, ಉಪ್ಪಿಟ್ಟಿನ ಪಕ್ಕ ಎರಡು ಮೊಟ್ಟೆ! ಮನೆಯಲ್ಲಿ ನನ್ನ ಪಾಲಿಗೆ ಎಂದೂ ಒಂದೇ. ಪ್ರಾರ್ಥನೆ ಮುಗಿಸಿ ಹೊರಗೆ ಬಂದರೆ, ಅಡ್ಡಾದಿಡ್ಡಿ ಬಿಟ್ಟಿದ್ದ ನನ್ನ ಚಪ್ಪಲಿ ಮೆಟ್ಟಲು ಅನುಕೂಲವಾಗುವಂತೆ ಮುಖ ತಿರುಗಿಸಿ ನಿಂತಿದೆ. ಯಾರಿರಬಹುದು? ಯಾರು ಬೇಕಾದರೂ ಇರಬಹುದು. ಯಾರು ಬೇಕಾದರೂ ಇರಬಹುದಾದ್ದರಿಂದ ಯಾರನ್ನೂ ಗದರುವಂತಿಲ್ಲ. ಪೀಪಿಯನ್ನು ಜೇಬಿಗಿಳಿಸಿದೆ. ಗೋಡೆ ಹಾರಿ ಗುಬ್ಬಿಗೆ ಹೋಗಿ ಬಂದ ಹುಡುಗರಿಗೆ "ಕಾಲು ನೋಯ್ತೇನ್ರಪ್ಪಾ?" ಎಂದು ಕೇಳಿದೆ. ಗಂಭೀರ ಕೀರ್ತನೆಗಳನ್ನು ಬಿಟ್ಟರೆ ಬೇರೇನೂ ಹಾಡದ ನಾನು, ಅಯ್ಯನವರ ಕುಣಿಯುವ ಹಾಡಿಗೆ ಕೈ ಮೇಲೆತ್ತಿ ಜಿಗಿದೆ. "ಏನ್ ಮೇಷ್ಟ್ರೇ, ಪವಿತ್ರಾತ್ಮನ ಕೆಲಸ ಶುರುವಾದಂಗಿದೆ!" ಎಂದು ಅಯ್ಯನವರೇ ಬೆರಗಾದರು. ಮೊಟ್ಟೆಯ ಕೆಲಸ ಎಂದು ನಾನು ಹೇಳಲಿಲ್ಲ.

ಗದರದೆ ಇರುವುದು ಕಷ್ಟವಾದದ್ದು ಒಬ್ಬಳ ವಿಷಯದಲ್ಲಿ. ಕುಣಿಗಲ್ಲಿನ ಶೀಲಾ, ಹತ್ತನೆಯ ತರಗತಿ. ಸುಳ್ಳಿನಲ್ಲಿ ಆಗಲೇ ಪದವೀಧರೆ. ಬೆಳಗಿನ ಪ್ರಾರ್ಥನೆಗೆ ಯಾಕಮ್ಮ ಏಳಲಿಲ್ಲ ಎಂದರೆ, "ಮಲ್ಗಿದ್ದಲ್ಲೇ ಪ್ರಾರ್ಥನೆ ಮಾಡ್ತಿದ್ದೆ ಸಾರ್. ಕಣ್ಣು ಮುಚ್ಕೊಂಡಿದ್ದು ನೀವೇ ನೋಡಿದ್ರಲ್ಲ?" ಎಂದಳು.

ಕೊನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಬೆಂಕಿ ಹಾಕಿದರು. ಒಬ್ಬೊಬ್ಬರೂ ಒಂದು ಕಡ್ಡಿ ತಂದು, ತಾನು ಬಿಡುವ ದುರ್ಗುಣವನ್ನು ಹೇಳಿ ಬೆಂಕಿಗೆ ಹಾಕಬೇಕು. ಶೀಲಾ ಮುಂದೆ ಬಂದು, "ನಾನು ಇನ್ಮೇಲೆ ಸುಳ್ಳು ಹೇಳಲ್ಲ" ಎಂದಳು. "ಇದೊಂದು ಕೊನೇದು ಕಣೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ನಿಂತ ಮೇಲೂ ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯಿಂದಲೂ ಇರಬಹುದು.

ಆಮೇಲೆ ಗುಟ್ಟಿನ ಗೆಳೆಯರ ಸರದಿ. ಒಬ್ಬರ ಹಿಂದೆ ಒಬ್ಬರು ಎದ್ದು "ನಾನೇ" ಎನ್ನುವುದು, ಕಿರುಚಾಟ, ಅಪ್ಪುಗೆ, ಅಳು. ನನ್ನ ಗೆಳೆಯನಿಗೆಂದು ಗುಬ್ಬಿಯಿಂದ ತರಿಸಿದ್ದ ಕೊಬ್ಬರಿ ಮಿಠಾಯಿಯ ಪೊಟ್ಟಣ ಅಂಗೈ ಬೆವರಿಗೆ ಅಂಟಿಕೊಂಡಿತ್ತು. ಎಲ್ಲರೂ ಎದ್ದು ಕೂತದ್ದಾಯಿತು. ಮುಗಿಯಿತೆಂದು ಅಯ್ಯನವರು ಗಿಟಾರ್ ಕೈಗೆತ್ತಿಕೊಂಡರು. ತಡೆಯಲಾರದೆ ನಾನೇ ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡು, "ನನಗೆ ಪ್ರತಿದಿನ ಎರಡನೆಯ ಮೊಟ್ಟೆ ದಯಪಾಲಿಸಿ, ಚಪ್ಪಲಿಯನ್ನು ನೇರ್ಪಡಿಸಿದ ಆ ಗುಟ್ಟಿನ ಗೆಳೆಯ ಯಾರು? ಈಗ ಎದ್ದು ನಿಲ್ಲಬಹುದು" ಎಂದೆ.

ಯಾರೂ ಏಳಲಿಲ್ಲ. ಮಕ್ಕಳು ಮಕ್ಕಳ ಮುಖ ನೋಡಿದರು. ಅಯ್ಯನವರ ಮುಖದ ಬಣ್ಣ ಬದಲಾಗುವುದನ್ನು ಕಂಡಾಗಲೇ ನನಗೆ ಲೆಕ್ಕ ಹೊಳೆದದ್ದು. ನನ್ನ ಹೆಸರನ್ನು ಡಬ್ಬಿಗೆ ಹಾಕಿಯೇ ಇರಲಿಲ್ಲ! ಕಾಲ ಮೀರಿತ್ತು. ಮೂರು ಊರಿನ ಮಕ್ಕಳೆದುರು, ಕೈಯಲ್ಲಿ ಮಿಠಾಯಿ ಹಿಡಿದು, ಕಂಬದಂತೆ ನಿಂತಿದ್ದೆ. "ಮೇಷ್ಟ್ರೇ, ಅದೇನಾಯ್ತು ಅಂದ್ರೆ..." ಎಂದು ಅಯ್ಯನವರು ಬಾಯಿ ತೆರೆದರು.

"ನಾನೇ ಸಾರ್."

ಶೀಲಾ ಎದ್ದು ನಿಂತಿದ್ದಳು. "ನಾಚ್ಕೆ ಆಯ್ತು, ಅದ್ಕೇ ಲೇಟಾಗಿ ಎದ್ದೆ" ಎಂದು ಅದಕ್ಕೊಂದು ಅಂಚೂ ಹಚ್ಚಿದಳು. ಅವಳು ಆಗಲೇ ಇನ್ನೊಬ್ಬಳ ಗೆಳತಿಯಾಗಿ ಎದ್ದು ಅಪ್ಪಿಕೊಂಡು ಅತ್ತು ಮುಗಿಸಿದ್ದನ್ನು ಅಷ್ಟು ಜನವೂ ಕಂಡಿದ್ದರು. ಒಬ್ಬರೂ ಉಸಿರೆತ್ತಲಿಲ್ಲ. ಅಯ್ಯನವರು ತೆರೆದ ಬಾಯಿಯನ್ನು "ಹಲ್ಲೆಲೂಯಾ" ಎಂದು ಮುಚ್ಚಿದರು. ಚಪ್ಪಾಳೆ ಬಿತ್ತು. ನಾನು ಮಿಠಾಯಿ ಕೊಟ್ಟು, ಸಿದ್ಧಮಾಡಿಕೊಂಡು ಬಂದಿದ್ದ ಭಾಷಣವನ್ನೂ ಮಾಡಿದೆ.

ಗುಬ್ಬಿಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ಪಕ್ಕ ಬಂದು ಕೂತು, ನನ್ನ ಮಿಠಾಯಿಯನ್ನು ನನಗೇ ಕೊಟ್ಟಳು. "ಸಾರ್, ಮೊಟ್ಟೆ ಎಲ್ರಿಗೂ ಎರಡೆರಡು ಹಾಕಿದ್ರು. ನೀವು ನಿಮ್ ತಟ್ಟೆ ಬಿಟ್ಟು ಬೇರೆ ಕಡೆ ನೋಡ್ಲೇ ಇಲ್ಲ. ಚಪ್ಪಲೀನ ವಾಚ್‌ಮನ್ನು, ನಾಯಿ ಕಚ್ಕೊಂಡ್ ಹೋಗುತ್ತೆ ಅಂತ ಎಲ್ರುದ್ನೂ ಸಾಲಾಗಿ ಇಡ್ತಿದ್ದ."

"ಅಲ್ಲಮ್ಮಾ, ಸುಳ್ಳು ಬಿಡ್ತೀನಿ ಅಂತ ಬೆಳಿಗ್ಗೆ ತಾನೇ ಕಡ್ಡಿ ಹಾಕಿದ್ಯಲ್ಲ?"

"ಹಾಕ್ದೆ ಸಾರ್. ಹಸೀ ಕಡ್ಡಿ, ಪೂರ್ತಿ ಉರೀಲಿಲ್ಲ."

ಮರುವರ್ಷ ನಾನು ಎಚ್ಚರ ತಪ್ಪಲಿಲ್ಲ. ನನ್ನ ಚೀಟಿಯನ್ನು ನಾನೇ ಮಡಿಸಿ ಡಬ್ಬಿಗೆ ಹಾಕಿದೆ. ಶೀಲಾ ಕಾಲೇಜು ಸೇರಿದ್ದರಿಂದ ಬಂದಿರಲಿಲ್ಲ. ಮೂರು ದಿನ ತಟ್ಟೆ ನೋಡಿದೆ, ಚಪ್ಪಲಿ ನೋಡಿದೆ, ಸುಳಿವೇ ಇಲ್ಲ. ಕೊನೆಯ ದಿನ ಎದ್ದು ನಿಂತವರು ಸಾಕ್ಷಾತ್ ಅಯ್ಯನವರು. "ಮೇಷ್ಟ್ರೇ, ನಿಮಗೆ ತಾಳ್ಮೆ ಕೊಡಲಿ ಅಂತ ದಿನಾ ಮೊಣಕಾಲೂರಿ ಪ್ರಾರ್ಥನೆ ಮಾಡಿದೀನಿ" ಎಂದರು. ತಿಂಡಿಯೂ ಇಲ್ಲ, ಉಪಕಾರವೂ ಇಲ್ಲ, ಬರೀ ಪ್ರಾರ್ಥನೆ. "ಬಹಳ ಸಂತೋಷವಾಯ್ತು ಅಯ್ಯನವರೇ" ಎಂದೆ. ಸುಳ್ಳು ಹೇಳುವುದರಲ್ಲಿ ಶೀಲಾಳಿಗಿದ್ದ ಸಲೀಸು ನನಗೆಲ್ಲಿ ಬರಬೇಕು. ಅಯ್ಯನವರಿಗೆ ತಕ್ಷಣ ಗೊತ್ತಾಗಿಹೋಯಿತು.