ಕತ್ತಲೆ ಕೋಣೆಯ ಈಸ್ಟರ್ ತೋಟ

ಪಾಸ್ಕ ಹಬ್ಬದ ಹಿಂದಿನ ಶನಿವಾರ ಬೆಳಿಗ್ಗೆ ಮೆಲ್ವಿನ್ ತಾರಸಿ ಹತ್ತಿ ನೋಡಿದಾಗ ಮಗಳ ಈಸ್ಟರ್ ತೋಟ ಇರಲಿಲ್ಲ. ತಟ್ಟೆ ಇತ್ತು. ತಟ್ಟೆಯ ತುಂಬ ಕೆಂಪು ನೀರಿತ್ತು. ನೀರಿನ ಮೇಲೆ ಐಸ್‌ಕ್ರೀಮ್ ಕಡ್ಡಿಯ ಮೂರು ಶಿಲುಬೆಗಳು ನೆಮ್ಮದಿಯಾಗಿ ತೇಲುತ್ತಿದ್ದವು. ಯೇಸುಸ್ವಾಮಿಯ ಸಮಾಧಿಯ ಗುಹೆ ಎಂದು ಅಡ್ಡ ಮಲಗಿಸಿದ್ದ ಮಣ್ಣಿನ ಟೀ ಲೋಟ ಬಾಯಿ ಮೇಲೆ ಮಾಡಿಕೊಂಡು ಬಿದ್ದಿತ್ತು. ಎರಡು ವಾರದಿಂದ ಬೆಳೆದಿದ್ದ ರಾಗಿ ಪೈರು ಮಾತ್ರ ಮಳೆನೀರಿನ ಕೊಳವೆ ಹಿಡಿದು ಊರು ಬಿಟ್ಟಿತ್ತು.

ತಪ್ಪು ಪಂಪಿನದಲ್ಲ. ಪಂಪು ತನ್ನ ಕೆಲಸ ಮಾಡಿತ್ತು. ಮೈಸೂರಿನಿಂದ ಬಂದು ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದ ಮೆಲ್ವಿನ್‌ಗೆ, ಒಂದು ತಟ್ಟೆಗೆ ದಿನಕ್ಕೆರಡು ಲೋಟ ನೀರು ಹಾಕುವುದು ನೆನಪಿರುತ್ತಿರಲಿಲ್ಲ. ಅದಕ್ಕೆ ಸಹೋದ್ಯೋಗಿ ಇಸ್ಮಾಯಿಲ್, "ನಮ್ಮಲ್ಲಿ ಸ್ಯಾಂಪಲ್ ಪಂಪ್ ಬಿದ್ದಿದೆ ಗುರು, ಟೈಮರ್ ಹಾಕು, ಮರೆತುಬಿಡು" ಎಂದಿದ್ದ. ಮೆಲ್ವಿನ್ ಗುರುವಾರ ರಾತ್ರಿ ಟೈಮರ್ ಹಾಕಿದ, ಪಂಪು ನಿಲ್ಲುವ ಹೊತ್ತು ಹಾಕದೆ ಮರೆತೂಬಿಟ್ಟ. ಶುಕ್ರವಾರವಿಡೀ ಉಪವಾಸ, ಶಿಲುಬೆ ಹಾದಿ, ಚರ್ಚು. ಅಷ್ಟರಲ್ಲಿ ಮೇಲೆ ನೋಹನ ಜಲಪ್ರಳಯ ನಡೆದುಹೋಗಿತ್ತು.

ಬೇರೆ ಮಕ್ಕಳ ಅಪ್ಪಂದಿರಿಗಾಗಿದ್ದರೆ ಇದು ಒಂದು ತಟ್ಟೆ ಹುಲ್ಲಿನ ವಿಷಯ. ಆದರೆ ಐದು ವರ್ಷದ ಜೆನಿಶಾಳ ಲೆಕ್ಕವೇ ಬೇರೆ. ಅವರ ಮನೆಯಿದ್ದ ಪೋತ್ತನೂರಿನ ಚರ್ಚಿನ ಭಾನುವಾರದ ತರಗತಿಯಲ್ಲಿ ವಿನೋದಿನಿ ಟೀಚರು, "ಬೀಜ ಸತ್ತ ಹಾಗೆ ಮಣ್ಣಲ್ಲಿ ಮಲಗುತ್ತೆ, ಆಮೇಲೆ ಎದ್ದು ಬರುತ್ತೆ, ಯೇಸುಸ್ವಾಮಿ ಥರ" ಎಂದು ಹೇಳಿ ಎಲ್ಲ ಮಕ್ಕಳಿಗೂ ತೋಟ ಮಾಡಿಸಿದ್ದರು. ಜೆನಿಶಾ ಅದನ್ನು ತಿರುಗಿಸಿ ಹಿಡಿದುಕೊಂಡಿದ್ದಳು. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ದಿನಾ ಒಂದೇ ಪ್ರಶ್ನೆ: "ಅಪ್ಪಾ, ನೀರು ಹಾಕಿದ್ಯಾ? ನಮ್ಮ ಹುಲ್ಲು ಏಳದಿದ್ರೆ ಯೇಸುಸ್ವಾಮಿನೂ ಏಳಲ್ಲ." ಮೆಲ್ವಿನ್ ದಿನಾ "ಹಾಕಿದೆ ಪುಟ್ಟಿ" ಎನ್ನುತ್ತಿದ್ದ, ಆಮೇಲೆ ಕತ್ತಲಲ್ಲಿ ತಾರಸಿಗೆ ಓಡುತ್ತಿದ್ದ. ಈಗ ಸಂಜೆ ಐದಕ್ಕೆ ಎಲ್ಲ ತೋಟಗಳನ್ನೂ ಪೀಠದ ಮೆಟ್ಟಿಲ ಮೇಲೆ ಜೋಡಿಸಬೇಕು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಸುಪ್ರೀತಾ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬರುತ್ತಾಳೆ. ಬೆಳಿಗ್ಗೆ ಹೊರಡುವಾಗ ಅವಳು, "ತೋಟ ಒಂದು ನೋಡ್ಕೊಳ್ರೀ, ಇನ್ನೇನೂ ಬೇಡ" ಎಂದು ಹೇಳಿಯೂ ಹೋಗಿದ್ದಳು.

"ಏನ್ ತಂಬೀ, ಮೊಖ ಹಿಂಗಾಗಿದೆ?"

ಮನೆ ಮಾಲೀಕ ಲಿಂಗಸಾಮಿ ಮೆಟ್ಟಿಲ ಮೇಲೆ ನಿಂತಿದ್ದರು. ಮುತ್ತಜ್ಜನ ಕಾಲದಿಂದ ಈ ಸೀಮೆಯಲ್ಲೇ ಮಗ್ಗ ಹಿಡಿದ ಕನ್ನಡದ ಮನೆತನ. ಈಗ ಮಗ್ಗ ಬಿಟ್ಟು ನೆಗಮಂ ಊರಿನ ಹತ್ತಿ ಸೀರೆ ತಂದು ಮಾರುತ್ತಾರೆ. ಉಳಿದ ಹೊತ್ತೆಲ್ಲ ಪರರ ಕಷ್ಟಕ್ಕೇ ಮೀಸಲು. ವಿಷಯ ತಿಳಿದು ಅವರು ಒಂದು ನಿಮಿಷವೂ ದುಃಖ ಪಡಲಿಲ್ಲ.

"ಇದಕ್ಕಾ ಕವಲೆ, ಇದಕ್ಕಾ ಚಿಂತೆ? ರೊಂಬ ಸುಲಭ. ಕೊತ್ತಮಲ್ಲಿ ಕಟ್ಟು ತಂದು ಮಣ್ಣಲ್ಲಿ ಚುಚ್ಚಿಬಿಡಿ. ಮಗೂಗೇನು ತಿಳೀತದೆ?"

ಕೆಳಗಿನ ಅಡುಗೆಮನೆಯಿಂದ ಅವರೇ ಎರಡು ಕಟ್ಟು ಕೊತ್ತಂಬರಿ ಸೊಪ್ಪು ಎತ್ತಿಕೊಂಡು ಬಂದರು. ಇಬ್ಬರೂ ಕೂತು ಒಂದೊಂದೇ ಎಸಳು ನೆಟ್ಟರು. ನೋಡಲು ಚೆನ್ನಾಗಿಯೇ ಇತ್ತು. ಏಪ್ರಿಲ್ ಬಿಸಿಲು ತಾರಸಿಗೆ ಏರಿದ್ದೇ ತಡ, ತೋಟ ಪೂರ್ತಿ ತಲೆ ಬಗ್ಗಿಸಿತು. ಅಷ್ಟರಲ್ಲಿ ಲಿಂಗಸಾಮಿಯವರ ಹೆಂಡತಿ ತಂಗಮಣಿ ಕೆಳಗಿಂದ ಕೂಗಿದರು: "ರಸಕ್ಕೆ ಇಟ್ಟಿದ್ದ ಕೊತ್ತಮಲ್ಲಿ ಎಲ್ಲಿ ಹೋಯ್ತು?" ಲಿಂಗಸಾಮಿ ತೋಟ ಕಿತ್ತು, ತೊಳೆದು, ಅಡುಗೆಮನೆಗೆ ಒಪ್ಪಿಸಿ ಬಂದರು.

ಮೆಲ್ವಿನ್ ಇಸ್ಮಾಯಿಲ್‌ಗೆ ಫೋನ್ ಮಾಡಿದ. ಪಂಪು ಕೊಟ್ಟ ಪಾಪಪ್ರಜ್ಞೆಯಿಂದ ಅವನು ಬೈಕಿನಲ್ಲಿ ಹಾರಿ ಬಂದ. ದಾವಣಗೆರೆಯವನು, ಯಾವ ಕೆಲಸಕ್ಕೂ ಎರಡನೇ ಯೋಚನೆ ಮಾಡುವವನಲ್ಲ. "ರೈಲ್ವೆ ಕ್ವಾರ್ಟರ್ಸ್ ಹತ್ತಿರ ಹುಲ್ಲುಹಾಸು ಇದೆಯಲ್ಲ ಗುರು? ಒಂದು ಮೊಳ ಉದ್ದ, ಒಂದು ಮೊಳ ಅಗಲ ಎತ್ತಿದರೆ ಯಾರ ಗಂಟು ಹೋಗುತ್ತೆ?"

ಗಂಟು ಯಾರದೋ ಗೊತ್ತಾಗುವ ಮುಂಚೆಯೇ ಕಾವಲುಗಾರ ಬಂದ. ಗರಗಸದ ಚಾಕು ಹಿಡಿದು ಮಂಡಿಯೂರಿದ್ದ ಇಬ್ಬರನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಮೆಲ್ವಿನ್ ಹರುಕು ತಮಿಳಿನಲ್ಲಿ ಯೇಸುಸ್ವಾಮಿಯ ಪುನರುತ್ಥಾನವನ್ನು ವಿವರಿಸಿದ. ಕಾವಲುಗಾರ ಪೂರ್ತಿ ಕೇಳಿಸಿಕೊಂಡ, ಕಣ್ಣೊರೆಸಿಕೊಂಡ, ಆಮೇಲೆ ಎತ್ತಿದ ಹುಲ್ಲನ್ನು ಎತ್ತಿದಲ್ಲೇ ಕೂರಿಸಿ, ಇಡೀ ಹುಲ್ಲುಹಾಸಿಗೆ ನೀರು ಹಾಕಿ ಹೋಗಬೇಕೆಂದ. ಅಲ್ಲಿನ ಪಂಪು ಕೆಟ್ಟಿತ್ತು. ಇಬ್ಬರು ಪಂಪ್ ಇಂಜಿನಿಯರುಗಳು ಬಕೆಟ್ಟಿನಲ್ಲಿ ನೀರು ಹೊತ್ತರು.

ಮಧ್ಯಾಹ್ನ ಮನೆಗೆ ಬಂದಾಗ ಮೆಲ್ವಿನ್‌ನ ಪ್ಯಾಂಟು ಮಂಡಿಯವರೆಗೆ ಕೆಸರು. ನೀಲಿ ಅಂಗಿಗೆ ಎದೆಯ ಹತ್ತಿರ ಹಾಕಿದ್ದ ಪಿನ್ನು ಬೇರೆ ಬಿಚ್ಚಿಕೊಂಡು ಚುಚ್ಚುತ್ತಿತ್ತು. ಆ ಜಾಗದ ಗುಂಡಿ ಕಳೆದು ಎರಡು ವಾರವಾಗಿತ್ತು. ಸುಪ್ರೀತಾ ವಾಷಿಂಗ್ ಮಷೀನನ್ನೂ, ಅವನು ಸುಪ್ರೀತಾಳನ್ನೂ ಅನುಮಾನಿಸಿ ಸುಮ್ಮನಾಗಿದ್ದರು.

ಕೆಳಗೆ ತಂಗಮಣಿಯವರ ಮಡಿಲಲ್ಲಿ ಜೆನಿಶಾ ರಸದನ್ನ ತಿನ್ನುತ್ತಿದ್ದಳು. "ಅಪ್ಪಾ, ನಮ್ಮ ಹುಲ್ಲು ಎಷ್ಟುದ್ದ ಇದೆ?"

ಮೆಲ್ವಿನ್ ಗಾಳಿಯಲ್ಲಿ ಬೆರಳು ಅಗಲಿಸಿ ತೋರಿಸಿದ. ಮಗಳ ಕಣ್ಣು ನೋಡಲಾಗದೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತುಬಿಟ್ಟ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಲಿಂಗಸಾಮಿಗೆ ಅದನ್ನು ನೋಡಲಾಗಲಿಲ್ಲ. ಹತ್ತಿರ ಬಂದು, ಅತ್ತ ಇತ್ತ ನೋಡಿ, ದನಿ ಇಳಿಸಿದರು. "ತಂಬೀ, ನಾನ್ ಹೇಳ್ದೇಂತ ಯಾರ ಹತ್ರಾನೂ ಹೇಳಬ್ಯಾಡಿ. ಒಳಗಡೆ ಇದೆ."

"ಏನಿದೆ?"

"ಮುಳೈಪಾರಿ."

ಮಾರಿಯಮ್ಮನ ಹಬ್ಬಕ್ಕೆಂದು ತಂಗಮಣಿ ವರ್ಷಾ ವರ್ಷಾ ಮಡಕೆಗಳಲ್ಲಿ ನವಧಾನ್ಯ ಬಿತ್ತಿ, ಹಿಂದಿನ ಕತ್ತಲೆ ಕೋಣೆಯಲ್ಲಿ ಮೊಳಕೆ ಬೆಳೆಸುತ್ತಿದ್ದರು. ಮಡಿಯಲ್ಲಿ ನೀರು ಹಾಕಬೇಕು, ಹೊರಗಿನವರ ಕಣ್ಣು ಬೀಳಬಾರದು, ಗಂಡಸರು ಹೊಸಿಲು ದಾಟಬಾರದು. ಲಿಂಗಸಾಮಿಯೇ ಮದುವೆಯಾದ ಮೇಲೆ ಆ ಕೋಣೆಯನ್ನು ಹಬ್ಬ ಬರುವ ಪಂಗುನಿ ತಿಂಗಳಲ್ಲಿ ನೋಡಿರಲಿಲ್ಲ.

"ಅಯ್ಯೋ ಅಣ್ಣ, ದೇವರದ್ದು!"

"ಮಡಕೆ ದೇವರದ್ದು. ಅದನ್ನ ಯಾರು ಮುಟ್ಟು ಅಂದ್ರು? ಮೂಲೇಲಿ ಒಂದು ತಟ್ಟೆ ಇದೆಯಂತೆ, ಹೆಚ್ಚಿಗೆ ಇಟ್ಟಿರೋದು. ಇವಳು ನೀರು ಹಾಕುವಾಗ ತನ್ನಷ್ಟಕ್ಕೆ ಹೇಳ್ಕೊಳ್ಳೋದು ಕೇಳಿಸ್ತು. ಹೆಚ್ಚಿಗೆ ಅಂದ್ರೆ ಹೆಚ್ಚಿಗೆ ತಾನೆ?"

ಊಟವಾಗಿ ತಂಗಮಣಿ ಮತ್ತು ಜೆನಿಶಾ ಫ್ಯಾನಿನ ಕೆಳಗೆ ಚಾಪೆ ಹಾಕಿ ಮಲಗಿದರು. ಮೆಲ್ವಿನ್ ಚಪ್ಪಲಿ ಬಿಟ್ಟು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಮಾರಿಯಮ್ಮನಿಗೂ ಒಂದು ಕ್ಷಮೆ ಕೇಳಿ ಒಳಗೆ ಕಾಲಿಟ್ಟ. ಲಿಂಗಸಾಮಿ ಹೊಸಿಲ ಹೊರಗೆ ಕಣ್ಣು ಮುಚ್ಚಿ ನಿಂತರು. ಗಂಡಸರು ನೋಡಬಾರದಲ್ಲ. ಒಳಗೆ ತಣ್ಣಗೆ ಹಸಿ ಮಣ್ಣಿನ ವಾಸನೆ. ಸಾಲಾಗಿ ಮಡಕೆಗಳು, ಅವುಗಳ ಮೇಲೆ ಬೆಣ್ಣೆ ಬಣ್ಣದ ಎಳೆ ಮೊಳಕೆಗಳು. ಮೂಲೆಯಲ್ಲಿ ಸ್ಟೀಲ್ ತಟ್ಟೆ. ಮಡಕೆಗಳಿಗೆ ಸೋಕದಂತೆ ಮೈ ಬಗ್ಗಿಸಿ, ಬೆರಳು ಹಾಕಿ ಎತ್ತಿದರೆ ಬೇರು ಬೇರು ಹೆಣೆದುಕೊಂಡು ಇಡೀ ತೋಟ ಚಾಪೆಯ ಹಾಗೆ ಎದ್ದು ಬಂತು.

ತಾರಸಿಯಲ್ಲಿ ಅದನ್ನು ತನ್ನ ತಟ್ಟೆಗೆ ಕೂರಿಸಿ, ಲೋಟದ ಗುಹೆ ಇಟ್ಟು, ಬಾಯಿಗೆ ಕಲ್ಲು ಒರಗಿಸಿ, ಮೂರು ಶಿಲುಬೆ ನೆಟ್ಟ. ಸಂಜೆಯ ಹೊತ್ತಿಗೆ ತುದಿಗಳಲ್ಲಿ ಹಸಿರೂ ಏರಿತು. ಇಷ್ಟು ಸೊಗಸಾದ ತೋಟ ಚರ್ಚಿನಲ್ಲಿ ಇನ್ನೊಂದು ಇರಲಾರದು ಎಂದು ಅವನಿಗೆ ಹೆಮ್ಮೆಯೂ ಆಯಿತು.

ಅವನು ಅದನ್ನು ಕೆಳಗೆ ತಂದಾಗ ಜೆನಿಶಾ ನೋಡಿದವಳೇ ಕುಣಿದಳು. "ಎದ್ದೇಬಿಡ್ತು! ಅಪ್ಪಾ, ನೀನು ಮರೀಲೇ ಇಲ್ಲ!" ಅವನ ಕಾಲು ತಬ್ಬಿಕೊಂಡಳು. ಆಮೇಲೆ ಏನೋ ನೆನಪಾಗಿ ನಿಂತಳು. "ತಡಿ, ನನ್ನ ಹತ್ರಾನೂ ಒಂದಿದೆ. ನಿಂಗೆ ಸರ್‌ಪ್ರೈಸ್. ಪಾಟೀ, ಈಗ ತೋರಿಸ್ಬಹುದಾ?" ಎಂದು ತಂಗಮಣಿ ಅಜ್ಜಿಯನ್ನು ಕೇಳಿದಳು.

"ಬಾ ಕಣ್ಣು, ಬಾ ಬಂಗಾರ" ಎಂದು ತಂಗಮಣಿ ಕೈಯಲ್ಲಿ ದೀಪ ಹಿಡಿದರು. ಇಬ್ಬರೂ ಕತ್ತಲೆ ಕೋಣೆಯ ಕಡೆ ನಡೆದರು.

ಮೆಲ್ವಿನ್ ಲಿಂಗಸಾಮಿಯನ್ನು ನೋಡಿದ. ಲಿಂಗಸಾಮಿ ಸೂರು ನೋಡಿದರು.

ಒಳಗಿಂದ ತಂಗಮಣಿಯವರ "ಅಯ್ಯಯ್ಯೋ!" ಕೇಳಿತು. ಮೆಲ್ವಿನ್ ತಟ್ಟೆ ಹಿಡಿದುಕೊಂಡೇ ಹೊಸಿಲಿಗೆ ಓಡಿದ. ಮೂಲೆಯ ತಟ್ಟೆ ಖಾಲಿ. ಮಗಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಈಗ ಅಳುತ್ತಾಳೆ, ಈಗ ಅಳುತ್ತಾಳೆ ಎಂದು ಅವನು ಹೊಸಿಲಲ್ಲೇ ಕಾದ.

ಅವಳು ಅಳಲಿಲ್ಲ. ಮುಖ ಎತ್ತಿ, ಕಣ್ಣರಳಿಸಿ ಹೇಳಿದಳು: "ಪಾಟೀ, ಖಾಲಿ! ಯೇಸುಸ್ವಾಮಿ ಗುಹೆ ಥರಾನೇ. ಟೀಚರ್ ಹೇಳಿದ್ರು, ಮೂರನೇ ದಿನ ಅಮ್ಮಂದಿರು ಹೋಗಿ ನೋಡ್ದಾಗ ಅಲ್ಲೂ ಖಾಲಿ ಇತ್ತಂತೆ. ಎದ್ದು ಹೋಗಿದೆ!"

ತಂಗಮಣಿಗೆ ಮೈ ಜುಮ್ಮೆಂದಿತು. ಯಾರ ದೇವರಾದರೇನು, ತನ್ನ ಮನೆಯಲ್ಲಿ ನಡೆದದ್ದು ನಡೆದದ್ದೇ. ನಾಲಿಗೆ ಹೊರಳಿಸಿ "ಉಲುಲುಲು" ಎಂದು ಕುಲವೆ ಹಾಕಿದರು. ಬೀದಿಯ ಹೆಂಗಸರೆಲ್ಲ ಹಿತ್ತಲಲ್ಲಿ ನೆರೆದರು. ಒಬ್ಬಾಕೆ ಕರ್ಪೂರ ತಂದಳು.

"ಆದ್ರೆ ಪಾಟೀ, ಗುಂಡಿನೂ ಎದ್ದು ಹೋಯ್ತಾ?" ಜೆನಿಶಾ ಖಾಲಿ ತಟ್ಟೆಯಲ್ಲಿ ಬೆರಳಾಡಿಸಿದಳು. "ಇದು ಅಪ್ಪಂಗೆ ಅಂತ ಗುರುತಿಗೆ ಅಪ್ಪನ ಅಂಗಿ ಗುಂಡಿ ಹೂತಿದ್ದೆ."

ಹಾಗೆನ್ನುತ್ತಲೇ ಅವಳ ಕಣ್ಣು ಅಪ್ಪನ ಕೈಯಲ್ಲಿದ್ದ ತಟ್ಟೆಯ ಮೇಲೆ ಬಿತ್ತು. ಬಂದು ಬೇರುಗಳ ನಡುವೆ ಬೆರಳು ತೂರಿಸಿದಳು. ನೀಲಿ ಗುಂಡಿಯೊಂದು ಹೊರಬಂತು.

ಬೀದಿ ಪೂರ್ತಿ ಗುಂಡಿ ನೋಡಿತು. ಆಮೇಲೆ ಮೆಲ್ವಿನ್‌ನ ನೀಲಿ ಅಂಗಿ, ಅಂಗಿಯ ಪಿನ್ನು, ಉಗುರಿನ ಸಂದಿಯ ಮಣ್ಣು ನೋಡಿತು. ಲಿಂಗಸಾಮಿ ಈ ವರ್ಷದ ಮಳೆಯ ಬಗ್ಗೆ ಏನೋ ಹೇಳಲು ಶುರು ಮಾಡಿದರು, ಯಾರೂ ಕೇಳಲಿಲ್ಲ.

"ಅಪ್ಪಾ, ಇದು ಇಲ್ಲಿಗೆ ಹೆಂಗೆ ಬಂತು?"

ಈಗಲೂ ಸುಳ್ಳು ಹೇಳಬಹುದಿತ್ತು. ಮಗಳು ನಂಬಲು ಸಿದ್ಧಳಾಗಿದ್ದಳು. ಆದರೆ ಆ ಮುಖ ನೋಡುತ್ತ ಮೆಲ್ವಿನ್ ಕೆಸರು ಮಂಡಿಯಲ್ಲೇ ಕೂತ. "ನಾನೇ ತಂದೆ ಪುಟ್ಟಿ. ನಮ್ಮ ಹುಲ್ಲು ಕೊಚ್ಚಿಕೊಂಡು ಹೋಯ್ತು. ಇದು ನಿಂದು ಅಂತ ಗೊತ್ತಿಲ್ದೆ ಕದ್ದೆ."

ಜೆನಿಶಾ ತೋಟವನ್ನೂ ಗುಂಡಿಯನ್ನೂ ನೋಡಿದಳು. "ಹಾಗಾದ್ರೆ ಅದು ತಾನೇ ಎದ್ದಿಲ್ವಾ?"

"ಮಣ್ಣಿಂದ ತಾನೇ ಎದ್ದಿದ್ದು. ರೂಮಿಂದ ಮಾತ್ರ ನಾನು ಎತ್ತಿದ್ದು."

ಅವಳ ಲೆಕ್ಕ ಸರಿಹೋಯಿತೆಂದು ಕಾಣುತ್ತದೆ, ಗುಂಡಿಯನ್ನು ಅಪ್ಪನ ಜೇಬಿಗೆ ಹಾಕಿದಳು.

ತಂಗಮಣಿಯ ಲೆಕ್ಕ ಅಷ್ಟು ಬೇಗ ಸರಿಹೋಗಲಿಲ್ಲ. "ಸರಿ ತಂಬೀ. ಈ ರೂಮಿಂದ ಎತ್ತಿದೋರು ಎತ್ತಿದ ಮೇಲೆ ನೇಮ ಮುಗಿಸ್ಲೇಬೇಕು. ತಲೆ ಮೇಲೆ ಇಟ್ಕೊಂಡು, ಬರಿಗಾಲಲ್ಲಿ, ಸೇರೋ ಜಾಗ ಸೇರೋವರ್ಗೂ ಇಳಿಸಬಾರದು. ಒಂದು ಮಾತು ಆಡಬಾರದು. ನಿಮ್ಮ ಚರ್ಚೋ, ನಮ್ಮ ಮಾರಿಯಮ್ಮನ ಕೋಯಿಲೋ, ನೇಮ ಒಂದೇ." ಆಮೇಲೆ ಗಂಡನ ಕಡೆ ತಿರುಗಿ, "ನಿಮ್ಮನ್ನ ರಾತ್ರಿ ವಿಚಾರಿಸ್ತೀನಿ" ಎಂದರು.

ಹೀಗೆ ಪೋತ್ತನೂರಿನ ಬೀದಿಯಲ್ಲಿ ಶನಿವಾರ ಸಂಜೆ ಒಂದು ಮೆರವಣಿಗೆ ಹೊರಟಿತು. ಮುಂದೆ ಜೆನಿಶಾ, ಹಿಂದೆ ತಲೆಯ ಮೇಲೆ ಈಸ್ಟರ್ ತೋಟ ಹೊತ್ತ ಮೆಲ್ವಿನ್, ಅವನ ಹಿಂದೆ ಕುಲವೆ ಹಾಕುವ ಹೆಂಗಸರು. ಕಾದ ರಸ್ತೆಯ ಮೇಲೆ ಅವನ ಬರಿಗಾಲು ಒಂದೊಂದು ಹೆಜ್ಜೆಗೂ ಹಾರಿ ಬೀಳುತ್ತಿತ್ತು. ಅದನ್ನು ಭಕ್ತಿಯ ಕುಣಿತ ಎಂದುಕೊಂಡು ಟೀ ಅಂಗಡಿಯವರು ಎದ್ದು ಕೈ ಮುಗಿದರು. ಚರ್ಚಿನ ಗೇಟಿನಲ್ಲಿ ನರ್ಸಿನ ಉಡುಪಿನಲ್ಲೇ ನಿಂತಿದ್ದ ಸುಪ್ರೀತಾ ಗಂಡನನ್ನು ನೋಡಿ, "ಏನ್ರೀ ಇದು?" ಎಂದಳು. ಅವನು ಉತ್ತರಿಸುವಂತಿರಲಿಲ್ಲ.

ಫಾದರ್‌ಗೆ ಕಣ್ಣು ತುಂಬಿ ಬಂತು. ಮಕ್ಕಳನ್ನೂ ವಿನೋದಿನಿ ಟೀಚರನ್ನೂ ಹತ್ತಿರ ಕರೆದು ತಮಿಳಿನಲ್ಲಿ ಹೇಳಿದರು: "ನೋಡಿ, ಮಗುವಿನ ಒಂದು ತಟ್ಟೆ ಹುಲ್ಲನ್ನು ಈ ತಂದೆ ಎಷ್ಟು ಶ್ರದ್ಧೆಯಿಂದ ಬೆಳೆಸಿ ಹೊತ್ತು ತಂದಿದ್ದಾರೆ! ಮುಂದಿನ ವರ್ಷ ಎಲ್ಲ ಮಕ್ಕಳ ತೋಟಗಳನ್ನೂ ಇವರ ತಾರಸಿಯಲ್ಲೇ ಇಡೋಣ. ಏನು ಮೆಲ್ವಿನ್, ಒಪ್ಪಿಗೆ ತಾನೆ?"

ತಟ್ಟೆ ಇನ್ನೂ ತಲೆಯ ಮೇಲಿತ್ತು. ಬೇಡವೆಂದು ತಲೆಯಾಡಿಸಿದರೆ ತೋಟ ಬೀಳುತ್ತದೆ. ಬಾಯಿ ಬಿಡೋಣವೆಂದರೆ ಪಕ್ಕದಲ್ಲೇ ತಂಗಮಣಿ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಮೆಲ್ವಿನ್ ಕಂಬದ ಹಾಗೆ ನಿಂತ. ಫಾದರ್ ಒಪ್ಪಿಗೆ ಎಂದೇ ತಿಳಿದು ಅವನ ಭುಜ ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು.

ತೋಟವನ್ನು ಮೆಟ್ಟಿಲ ಮೇಲೆ ಇಳಿಸಿದ ಮೇಲೆ ಅವನು ಮಗಳ ಪಕ್ಕ ಕುಸಿದು ಕೂತ. ಅಂಗಾಲು ಉರಿಯುತ್ತಿತ್ತು.

"ಪುಟ್ಟಿ, ಒಂದು ಹೇಳು. ಅಪ್ಪ ದಿನಾ ನೀರು ಹಾಕಿದೆ ಅಂತಿದ್ನಲ್ಲ, ಮತ್ತೆ ನೀನ್ಯಾಕೆ ಇನ್ನೊಂದು ಬೆಳೆಸ್ದೆ?"

"ನೀನು ಮರ್ತ್ರೆ ಯೇಸುಸ್ವಾಮಿಗೆ ಕಷ್ಟ ಆಗ್ಬಾರ್ದು ಅಂತ." ಜೆನಿಶಾ ಅಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಸಮಾಧಾನ ಹೇಳಿದಳು. "ಹೆದರ್ಕೋಬೇಡ ಅಪ್ಪಾ. ಮುಂದಿನ ವರ್ಷ ಎರಡು ಎಕ್ಸ್‌ಟ್ರಾ ಇಡ್ತೀನಿ. ಒಂದು ನೀನು ಮರ್ತ್ರೆ, ಇನ್ನೊಂದು ನೀನು ಕದ್ರೆ."