ಅಳಿಯನ ಕೋಟಾದ ಸಿಕ್ಸರ್

ಪ್ರತಿಯೊಬ್ಬ ಗಂಡಸಿನ ಹತ್ತಿರವೂ ಅವನ ಹೆಂಡತಿಗೆ ಬಾಯಿಪಾಠವಾಗಿರುವ ಒಂದು ಕಥೆ ಇರುತ್ತದೆ. ಕೆಲವರದು ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತಿದ ಕಥೆ, ಕೆಲವರದು ಟಿಕೆಟ್ಟಿಲ್ಲದೆ ಮದರಾಸಿಗೆ ಹೋಗಿಬಂದ ಕಥೆ. ನನ್ನದು ಡೆಸ್ಮಂಡ್ ಹೊಡೆದ ಸಿಕ್ಸರಿನ ಕಥೆ. ಟಿವಿಯಲ್ಲಿ ಯಾವನಾದರೂ ಪರದೇಶದ ಆಟಗಾರ ಚೆಂಡನ್ನು ಗ್ಯಾಲರಿಗೆ ಎತ್ತಿದನೆಂದರೆ ಸಾಕು, ನನ್ನ ನಾಲಿಗೆ ತುರಿಸತೊಡಗುತ್ತದೆ. "ಇದೇನು ಮಹಾ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಸರೋಜ, "ಗೊತ್ತು ಬಿಡ್ರೀ, ನಮ್ಮ ಕ್ಯಾಲನೂರಲ್ಲಿ ಡೆಸ್ಮಂಡು ಹೊಡೆದಿದ್ದು ಇದಕ್ಕಿಂತ ದೂರ" ಎಂದು ಮುಗಿಸಿಯೇ ಬಿಡುತ್ತಾಳೆ. ಕಥೆ ಹೇಳುವವನಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆ ಇಲ್ಲ. ಆದ್ದರಿಂದ ನಾನು ಮನೆಗೆ ಬಂದ ಗ್ಯಾಸ್ ಸಿಲಿಂಡರಿನವನಿಗೆ, ಕರೆಂಟ್ ಮೀಟರ್ ನೋಡುವವನಿಗೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿಹಾಕಿಕೊಂಡವರಿಗೆ ಹೇಳಿಕೊಂಡು ಬಂದಿದ್ದೇನೆ. ಇವತ್ತು ನಿಮ್ಮ ಸರದಿ.

ಮೊದಲು ನನ್ನ ಪರಿಚಯ. ನಾನು ಹುಟ್ಟಿದ್ದು ಮಾಲೂರಿನಲ್ಲಿ. ಸರೋಜಳನ್ನು ಮದುವೆಯಾದ ವರ್ಷವೇ ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವಳ ತವರು ಕ್ಯಾಲನೂರು ಅಲ್ಲಿಗೆ ಹತ್ತಿರ. ಸ್ವಲ್ಪ ದಿನ ಇದ್ದು ನೋಡೋಣ ಎಂದು ಬಂದವನು ಇನ್ನೂ ನೋಡುತ್ತಲೇ ಇದ್ದೇನೆ. ಯಾರಾದರೂ ಮನೆಅಳಿಯ ಎಂದರೆ ನನಗೆ ಸಿಟ್ಟು ಬರುತ್ತದೆ. ನನ್ನ ಮನೆ ಬೇರೆ, ಮಾವನ ಮನೆ ಬೇರೆ. ನಡುವೆ ಒಂದು ಗೋಡೆ ಇದೆ. ಊಟ ಮಾತ್ರ ಹೆಚ್ಚಾಗಿ ಗೋಡೆಯ ಆಚೆ.

ನಮ್ಮ ಕಡೆ ರಾಗಿ ಕೊಯ್ಲು ಮುಗಿದ ಮೇಲೆ ಊರೂರಿನ ತಂಡಗಳ ನಡುವೆ ಟೆನಿಸ್ ಬಾಲಿನ ಲೀಗ್ ನಡೆಯುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯಿಂದಲೂ ತಂಡಗಳು ಬರುತ್ತವೆ. ಆಡುವವರೆಲ್ಲ ಆಯಾ ಊರಿನವರೇ ಆಗಿರಬೇಕು, ಒಬ್ಬನನ್ನು ಬಿಟ್ಟು. ಆ ಒಬ್ಬನ ಜಾಗ ಊರಿನ ಅಳಿಯನಿಗೆ. ಇದಕ್ಕೆ ಬಲವಾದ ಕಾರಣವಿದೆ. ಹಬ್ಬಕ್ಕೆ ಬಂದ ಅಳಿಯ ಜಗಲಿಯ ಮೇಲೆ ಕೂತು, ಬಾಮೈದಂದಿರು ಆಡುವುದನ್ನು ನೋಡುತ್ತ ಮುಖ ಊದಿಸಿಕೊಂಡರೆ ಅತ್ತೆಗೆ ಅನ್ನ ಗಂಟಲಲ್ಲಿ ಇಳಿಯುತ್ತದೆಯೇ? ಈ ನಿಯಮ ಹುಟ್ಟಿದ್ದು ನನ್ನ ಮದುವೆಯಾದ ವರ್ಷ. ಕಾರಣ ನಾನೇ ಎಂದು ಕೆಲವರು ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಅಳಿಯನ ಕೋಟಾದಲ್ಲಿ ಮೊಟ್ಟಮೊದಲು ಆಡಿದವನೂ ನಾನೇ. ಮುಳಬಾಗಿಲಿನವರ ವಿರುದ್ಧ ಕೊನೆಯ ಕ್ಯಾಚ್ ಹಿಡಿದು ಪಂದ್ಯ ಗೆಲ್ಲಿಸಿದೆ. ಚೆಂಡು ನನ್ನ ಕಡೆಗೆ ಬರುವಾಗ ಭಯಕ್ಕೆ ಕಣ್ಣು ಮುಚ್ಚಿಕೊಂಡಿದ್ದೆ. ಬಿಟ್ಟು ನೋಡಿದರೆ ಚೆಂಡು ಕೈಯಲ್ಲಿತ್ತು, ಇಡೀ ಊರು ಕುಣಿಯುತ್ತಿತ್ತು. ನನ್ನನ್ನು ಹೆಗಲ ಮೇಲೆ ಹೊತ್ತು ತಂದರು. ಅತ್ತೆ ಒಬ್ಬಟ್ಟು ಮಾಡಿದರು. ಸೋತ ಮುಳಬಾಗಿಲಿನವರು ಕೂಡ ಕೂತು ಒಬ್ಬಟ್ಟು ತಿಂದು ನನ್ನ ಬೆನ್ನು ತಟ್ಟಿ ಹೋದರು. ಅಷ್ಟು ದೊಡ್ಡ ಮನಸ್ಸಿನ ಎದುರಾಳಿಗಳನ್ನು ನಾನು ಮತ್ತೆ ಕಂಡಿಲ್ಲ.

ವೇಮಗಲ್ಲಿಗೆ ದೊಡ್ಡ ಕಾರ್ಖಾನೆಗಳು ಬಂದ ಮೇಲೆ ಯಂತ್ರ ಕೂರಿಸಲು ಪರದೇಶದವರೂ ಬರತೊಡಗಿದರು. ಆಗ ಯಾವನೋ ಬುದ್ಧಿವಂತ, "ಅಳಿಯ ಅಂದ್ರೆ ಹೊರಗಿನವನು ತಾನೆ, ಎಷ್ಟು ಹೊರಗಿನವನು ಅಂತ ಎಲ್ಲೈತೆ?" ಎಂದು ಕೇಳಿದ. ಅಲ್ಲಿಂದ ಶುರುವಾಯಿತು ಪೈಪೋಟಿ. ಮುಳಬಾಗಿಲಿನವರು ಇಂಗ್ಲೆಂಡಿನ ಒಬ್ಬನನ್ನು ಹಿಡಿದು ತಂದರು. ಉಪಚಾರ ಕಡಿಮೆಯಾಗಬಾರದೆಂದು ಬೆಳಗ್ಗೆಯೇ ತಮ್ಮ ಊರಿನ ತುಪ್ಪದ ದೋಸೆಗಳನ್ನು ಒಂದರ ಮೇಲೊಂದು ತಿನ್ನಿಸಿದ್ದರಿಂದ ಪಾಪ ಆತನಿಗೆ ಬಗ್ಗಲಾಗಲಿಲ್ಲ. ಶ್ರೀನಿವಾಸಪುರದವರು ಹಣ್ಣಿನ ಕಾಲಕ್ಕೆ ಮಾವು ಕಳಿಸುವ ಆಸೆ ತೋರಿಸಿ ಕೊರಿಯಾದವನೊಬ್ಬನನ್ನು ಕರೆತಂದರು. ಅವನು ಮೊದಲ ಚೆಂಡನ್ನೇ ಬಲವಾಗಿ ಬಾರಿಸಿ, ಬ್ಯಾಟನ್ನು ಬಿಸಾಡಿ, ವಿಕೆಟ್ಟಿನ ಕಡೆಗಲ್ಲದೆ ಹುಣಸೆಮರದ ಕಡೆಗೆ ಓಡಿದ. ಅವರ ದೇಶದ ಆಟವೇ ಬೇರೆ, ಬೇಸ್‌ಬಾಲ್ ಅಂತೆ. ಆದರೂ ಬರಿಗೈಯಲ್ಲಿ ಅವನಂತೆ ಕ್ಯಾಚ್ ಹಿಡಿಯುವವರನ್ನು ನಮ್ಮ ಲೀಗ್ ನೋಡಿಲ್ಲ.

ನಮ್ಮ ಪಾಲಿಗೆ ಬಂದವನು ಡೆಸ್ಮಂಡ್. ವೆಸ್ಟ್ ಇಂಡೀಸಿನ ಯಾವುದೋ ದ್ವೀಪದವನು, ನಮ್ಮ ಕಾರ್ಖಾನೆಗೆ ಪ್ಯಾಕಿಂಗ್ ಯಂತ್ರ ಕೂರಿಸಲು ಬಂದಿದ್ದ. ಊರು ಕೇಳಿದ ತಕ್ಷಣ ನನ್ನ ಬಾಮೈದ ನಾಗರಾಜ ನನ್ನ ಹಿಂದೆ ಬಿದ್ದ. ಅವನು ಡೈರಿಯ ಹಾಲಿನ ವ್ಯಾನ್ ಓಡಿಸುತ್ತಾನೆ, ಕ್ಯಾಲನೂರು ತಂಡದ ನಾಯಕನೂ ಹೌದು. "ಭಾವ, ಆರಡಿ ಇರ್ತಾನೆ, ಸಿಡ್ಲಿನಂಗೆ ಬೌಲಿಂಗ್ ಮಾಡ್ತಾನೆ, ಹೆಂಗಾದ್ರೂ ಮಾಡಿ ಒಪ್ಪಿಸು" ಎಂದ. ನಾನು ಹೋಗಿ ನೋಡಿದರೆ ಡೆಸ್ಮಂಡ್ ನನಗಿಂತ ಗಿಡ್ಡ, ದಪ್ಪ, ಐವತ್ತರ ಹತ್ತಿರದವನು, ಮಂಡಿಗೆ ಪಟ್ಟಿ. ಬೌಲಿಂಗ್ ಮಾಡುತ್ತೀರಾ ಎಂದರೆ ನಕ್ಕುಬಿಟ್ಟ. ಆದರೆ ಕಾರ್ಖಾನೆಯ ಅಂಗಳದಲ್ಲಿ ಬ್ಯಾಟ್ ಕೈಗೆ ಕೊಟ್ಟು ನೋಡಿದ ಮೇಲೆ ನಾವು ನಗಲಿಲ್ಲ. ಓಡುವುದು ಅವನಿಗೆ ಕಷ್ಟ, ಅದಕ್ಕೇ ಓಡುವ ಅಗತ್ಯ ಬಾರದ ಹಾಗೆ ಹೊಡೆಯುತ್ತಿದ್ದ. ಅವನಿದ್ದ ಕಾರಣಕ್ಕೆ ನಮ್ಮ ತಂಡ ಮೊದಲ ಸಲ ಫೈನಲ್ಲಿಗೆ ಬಂತು. ಅಳಿಯನ ಕೋಟಾದಲ್ಲಿ ಆಡುವವನಾದ್ದರಿಂದ ಊರಿನವರು ಅವನನ್ನು ಅಳಿಯನಂತೆಯೇ ಕಂಡರು. ಹೋದ ಮನೆಯಲ್ಲೆಲ್ಲ ಚಾಪೆ ಹಾಸಿ, ಕಾಲಿಗೆ ನೀರು ಕೊಟ್ಟು, ಮೊದಲ ಎಲೆ ಅವನಿಗೆ ಹಾಕುತ್ತಿದ್ದರು. ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದ್ದು ಮಾತ್ರ ನಾನು.

ಫೈನಲ್ಲಿನ ಹಿಂದಿನ ದಿನ ಡೆಸ್ಮಂಡ್ ನನ್ನ ಹತ್ತಿರ ಒಂದು ಮಾತು ಹೇಳಿದ. ಅವನ ಅಪ್ಪ ಅವರ ಊರಿನ ಲೀಗಿನಲ್ಲಿ ದೊಡ್ಡ ಹೆಸರು. ಮಗ ಎಷ್ಟೋ ವರ್ಷ ಆಡಿದರೂ ಒಂದು ಫೈನಲ್ಲೂ ಗೆಲ್ಲಲಿಲ್ಲ, ಅಷ್ಟರಲ್ಲಿ ಮಂಡಿ ಹೋಯಿತು, ಅಪ್ಪನೂ ಹೋದರು. "ಇದು ನನ್ನ ಕೊನೆಯ ಪಂದ್ಯ. ನಾಡಿದ್ದು ವಿಮಾನ. ಇದೊಂದನ್ನು ಗೆದ್ದು ಹೋಗಬೇಕು" ಎಂದ. ಗೆಲ್ಲಿಸಿಯೇ ಕಳಿಸುತ್ತೇವೆ ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ.

ಫೈನಲ್ ಮಾಸ್ತಿ ಊರಿನವರ ಮೇಲೆ, ನಮ್ಮ ಕ್ಯಾಲನೂರಿನ ಬಯಲಿನಲ್ಲೇ. ಲೀಗಿನ ಬೇರೆ ಪಂದ್ಯಗಳೆಲ್ಲ ಬೇರೆ ಊರುಗಳಲ್ಲಿ ನಡೆದಿದ್ದರಿಂದ ಡೆಸ್ಮಂಡ್ ಇಲ್ಲಿ ಆಡಿರಲಿಲ್ಲ. ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ಬಯಲಿನ ನಿಯಮಗಳನ್ನೆಲ್ಲ ಅವನಿಗೆ ತಿಳಿಸಿದೆ. ಹುಣಸೆಮರಕ್ಕೆ ತಗುಲಿದರೆ ನಾಲ್ಕು ರನ್. ನಾಯಿ ಕಚ್ಚಿಕೊಂಡು ಹೋದರೆ ಆ ಚೆಂಡು ಲೆಕ್ಕಕ್ಕಿಲ್ಲ. ಬಸ್ಸು ಬಂದರೆ ಆಟ ನಿಲ್ಲಬೇಕು. ಎಲ್ಲ ಹೇಳಿದೆ, ಮುನಿಯಕ್ಕನ ಟೊಮೆಟೊ ತೋಟದ್ದೊಂದನ್ನು ಬಿಟ್ಟು.

ಮುನಿಯಕ್ಕನ ತೋಟ ಬಯಲಿನ ಪಕ್ಕದಲ್ಲೇ ಇದೆ. ಒಮ್ಮೆ ಚೆಂಡು ಹುಡುಕಲು ಹೋದವರು ಅವಳು ಕಡ್ಡಿ ನೆಟ್ಟು ದಾರ ಕಟ್ಟಿದ್ದ ಗಿಡಗಳನ್ನು ತುಳಿದು ಹಾಕಿದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಬಯಲಿನ ನಡುವೆ ನಿಂತು, "ಇನ್ ಮ್ಯಾಕೆ ಬಾಲು ನನ್ ತ್ವಾಟಕ್ ಬಿತ್ತು ಅಂದ್ರೆ ಹೊಡ್ದೋನು ಔಟು. ಅವನ್ಯಾರೇ ಆಗಿರ್ಲಿ!" ಎಂದಳು. ಅಂದಿನಿಂದ ಅದೇ ಕಾನೂನು. ನಮ್ಮ ಊರಿನ ಮಕ್ಕಳು ನಡೆಯಲು ಕಲಿಯುವಾಗಲೇ ಆ ಕಡೆಗೆ ಹೊಡೆಯಬಾರದೆಂದು ಕಲಿತಿರುತ್ತಾರೆ. ಬೆಂಕಿ ಸುಡುತ್ತದೆ ಎಂದು ಮನೆಗೆ ಬಂದ ನೆಂಟನಿಗೆ ಯಾರಾದರೂ ಹೇಳುತ್ತಾರೆಯೇ? ಹಾಗೆ ನಾನೂ ಹೇಳಲಿಲ್ಲ, ನಾಗರಾಜನೂ ಹೇಳು ಎನ್ನಲಿಲ್ಲ, ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಯ ಚೆಂಡು. ನಾಲ್ಕು ರನ್ ಬೇಕು. ಡೆಸ್ಮಂಡ್ ಎದುರಿಗಿದ್ದಾನೆ. ಮಾಸ್ತಿಯವನು ಓಡಿಬಂದು ಹಾಕಿದ, ಇವನು ಕಾಲು ಮುಂದಿಟ್ಟು ಎತ್ತಿದ. ಅಂಥ ಹೊಡೆತವನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ. ಚೆಂಡು ಮೇಲೆ ಹೋಯಿತು, ಕಾಗೆಗಳು ಎದ್ದವು, ಅದು ನಿಧಾನವಾಗಿ ಇಳಿಯುತ್ತ ಇಳಿಯುತ್ತ ಮುನಿಯಕ್ಕನ ತೋಟದ ನಟ್ಟನಡುವೆ ಬಿತ್ತು. ಅಂಪೈರು ಬೆರಳು ಎತ್ತಿದರು. ಡೆಸ್ಮಂಡ್ ಅತ್ತ ನೋಡಲೇ ಇಲ್ಲ, ಎರಡೂ ಕೈ ಎತ್ತಿ ಆಕಾಶ ನೋಡುತ್ತಿದ್ದ. ಮಾಸ್ತಿಯವರು ಗೆದ್ದೆವೆಂದು ಕೂಗುತ್ತ ಓಡಿಬಂದರೆ ಇವನು ಬೌಲರನ್ನೇ ಎತ್ತಿ ಅಪ್ಪಿಕೊಂಡ. ನಾಗರಾಜ ಸೋತ ದುಃಖಕ್ಕೆ ಗೊಳೋ ಎಂದು ಅಳುತ್ತಿದ್ದ, ಅವನ ಕಣ್ಣನ್ನೂ ಒರೆಸಿದ. ಆಮೇಲೆ ನನ್ನ ಹತ್ತಿರ ಬಂದು, "ಸೋತವರು ಹೀಗೆ ಸಂತೋಷ ಪಡುವುದನ್ನು ನಾನು ಯಾವ ದೇಶದಲ್ಲೂ ನೋಡಿಲ್ಲ. ಎಂಥ ಜನ ನಿಮ್ಮವರು!" ಎಂದ. ಅವನ ಕಣ್ಣು ತುಂಬಿತ್ತು. ಅಪ್ಪ ಇರಬೇಕಿತ್ತು ಎಂದ.

ಈಗ ನೀವೇ ಹೇಳಿ, ಆ ಮುಖಕ್ಕೆ ನೀನು ಔಟು ಎಂದು ಹೇಗೆ ಹೇಳುವುದು? ನನ್ನಿಂದ ಆಗಲಿಲ್ಲ. ನಾಗರಾಜ ಕಣ್ಣೊರೆಸಿಕೊಂಡು ಮಾಸ್ತಿಯ ನಾಯಕ ವೆಂಕಟೇಶನ ಕೈ ಹಿಡಿದ. "ಅಣ್ಣಾ, ನಿಮ್ ದಮ್ಮಯ್ಯ, ಇವತ್ತೊಂದಿನ ಸೋತಂಗೆ ಇರಿ ಅಣ್ಣಾ. ಅಳಿಯನ್ನ ಅಳಿಸಿ ಕಳ್ಸಿದ್ರೆ ಊರಿಗೆ ಒಳ್ಳೇದಾಗಲ್ಲ."

"ಏನ್ಲಾ, ಗೆದ್ದೋರು ನಾವು! ಸೋತಂಗೆ ಇರಾಕೆ ನಮಗೇನು ಹುಚ್ಚಾ?" ಎಂದು ವೆಂಕಟೇಶ ರೇಗಿದ. ಆಮೇಲೆ ಡೆಸ್ಮಂಡನ ಕಡೆ ನೋಡಿದ. ಅವನು ಕುಂಟುತ್ತ ಕುಂಟುತ್ತ ಮಾಸ್ತಿಯ ಒಬ್ಬೊಬ್ಬ ಆಟಗಾರನ ಕೈ ಕುಲುಕಿ ಸಮಾಧಾನ ಹೇಳುತ್ತಿದ್ದ. ವೆಂಕಟೇಶ ತಲೆ ಕೆರೆದುಕೊಂಡ. "ಆಯ್ತು ಬಿಡು. ಆದ್ರೆ ಕಪ್ಪು ರಾತ್ರಿಗೆ ಮಾಸ್ತಿಗೆ ಬರ್ಬೇಕು. ನಾಟಿಕೋಳಿ ಸಾರು ನಿಮ್ದು."

ಹೀಗೆ ಬಹುಮಾನ ವಿತರಣೆ ನಡೆಯಿತು. ಮೈಕಿನಲ್ಲಿ ಕನ್ನಡದಲ್ಲಿ "ವಿಜೇತ ತಂಡ ಮಾಸ್ತಿ" ಎಂದು ಕೂಗಿದರು, ಕಪ್ಪನ್ನು ಡೆಸ್ಮಂಡನ ಕೈಗೆ ಕೊಟ್ಟರು. ಚಪ್ಪಾಳೆ ಹೊಡೆದವರು ಮಾಸ್ತಿಯವರು, ತಲೆಬಾಗಿದವನು ಡೆಸ್ಮಂಡ್. ನಾನು ಪಕ್ಕದಲ್ಲಿ ನಿಂತು ಪ್ರತಿ ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ, ತಿರುಗಿಸುವಾಗ ಗೆದ್ದವರನ್ನೂ ಸೋತವರನ್ನೂ ಅದಲುಬದಲು ಮಾಡಿದೆ. ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಡೆಸ್ಮಂಡ್ ಕಾಣಲಿಲ್ಲ. ಯಾರಾದರೂ ಬಾಯಿಬಿಟ್ಟರೇನೋ ಎಂದು ಹುಡುಕತೊಡಗಿದೆವು. ಆಮೇಲೆ ನೋಡಿದರೆ ತೋಟದ ಕಡೆಯಿಂದ ಬಂದ. ನೆನಪಿಗೆ ಇರಲೆಂದು ಚೆಂಡು ತರಲು ಹೋಗಿದ್ದನಂತೆ. ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಟವೆಲಿನ ತುಂಬ ಟೊಮೆಟೊ. ಮುನಿಯಕ್ಕನಿಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಭಾಷೆ ಬಾರದಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಅವನು ನಗುನಗುತ್ತ ಊಟ ಮಾಡಿ, ಮಾಸ್ತಿಯವರಿಗೆ ತಾನೇ ಬಡಿಸಿ, ಎಲ್ಲರನ್ನೂ ತಬ್ಬಿಕೊಂಡು ಹೊರಟ.

ಇದು ನನ್ನ ಕಥೆ. ಒಬ್ಬ ಒಳ್ಳೆಯ ಮನುಷ್ಯ ಸಮುದ್ರದಾಚೆ ತಾನು ಗೆದ್ದೆನೆಂದು ನಂಬಿ ನೆಮ್ಮದಿಯಾಗಿದ್ದಾನೆ, ಅದಕ್ಕೆ ನನ್ನ ಇಂಗ್ಲಿಷ್ ಕಾರಣ ಎಂದು ನಾನು ವರ್ಷಗಳಿಂದ ಬೀಗುತ್ತಿದ್ದೆ. ಮೊನ್ನೆ ಭಾನುವಾರ ಅವನೇ ವಿಡಿಯೋ ಕಾಲ್ ಮಾಡಿದ. ತಲೆ ಪೂರ್ತಿ ಬೆಳ್ಳಗಾಗಿದೆ. ನಾಗರಾಜನನ್ನು ಕೇಳಿದ, ಮುದ್ದೆಯನ್ನು ಕೇಳಿದ. ಆಮೇಲೆ, "ಟೊಮೆಟೊ ಅಜ್ಜಿ ಹೇಗಿದ್ದಾರೆ? ಅಲ್ಲಿಗೆ ಹೊಡೆದರೆ ಈಗಲೂ ಔಟೇನಾ?" ಎಂದ.

ನನ್ನ ಕೈಯಿಂದ ಫೋನ್ ಬೀಳುವುದೊಂದು ಬಾಕಿ. ಅವನು ಗಹಗಹಿಸಿ ನಗುತ್ತಿದ್ದ. ಮಾತು ಮುಗಿಸಿದವನೇ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಮುನಿಯಕ್ಕನ ಹತ್ತಿರ ಹೋದೆ. ಅವಳು ಹಣ್ಣು ಆರಿಸಿ ಕ್ರೇಟಿಗೆ ತುಂಬುತ್ತಿದ್ದಳು.

"ಅವನಿಗೆ ನೀನು ಹೇಳಿದ್ಯಾ ಮುನಿಯಕ್ಕ?"

"ಊ ಅಳಿಯಂದ್ರೆ. ಬಾಲು ಇಸ್ಕೊಳಾಕ್ ಬಂದ. ಬಾಲು ಕೊಟ್ಟು ಹಿಂಗೆ ಬೆರಳು ಎತ್ತಿ ತೋರ್ಸಿದೆ, ನ್ಯಾಯ ನ್ಯಾಯಾನೆ ಅಲ್ವಾ?" ಅವಳು ಒಂದು ಬೆರಳು ಎತ್ತಿದಳು. "ಮುಖ ಸಣ್ಣಗಾಯ್ತು ಪಾಪ. ಅತ್ತ ಬಯಲ್ ಕಡೆ ತಿರುಗಿ ನಿಮ್ಮನ್ನೆಲ್ಲ ನೋಡ್ದ. ಆಮ್ಯಾಕೆ ನಕ್ಬುಟ್ಟು ಹಿಂಗೆ ಮಾಡ್ದ." ಅದೇ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡು ತೋರಿಸಿದಳು. "ಒಳ್ಳೇ ಅಬ್ಬಾಯಿ. ಅದ್ಕೇ ಹಣ್ಣು ಕೊಟ್ ಕಳ್ಸಿದೆ."

ಅಂದರೆ ನಾನು ಅವನನ್ನು ನಂಬಿಸಿದ್ದಲ್ಲ. ನಾವು ಇಷ್ಟು ಕಷ್ಟಪಟ್ಟು ಕಟ್ಟಿದ ಸುಳ್ಳನ್ನು ಕೆಡಿಸಬಾರದೆಂದು, ಸೋತವನು ಗೆದ್ದವನ ಹಾಗೆ ನಗುತ್ತ, ಗೆದ್ದವರಿಗೆ ಸಾರು ಬಡಿಸಿ ಹೋಗಿದ್ದ. ತೋಟದ ಬದುವಿನ ಮೇಲೆ ನಿಂತಿದ್ದಾಗ ನನಗೆ ಅಳು ಬಂದಂತಾಯಿತು. ಅವನ ಅಪ್ಪ ಇದನ್ನು ನೋಡಿದ್ದರೆ ಕಪ್ಪಿಗಿಂತ ಹೆಚ್ಚು ಹಿಗ್ಗುತ್ತಿದ್ದರು.

ಮನೆಗೆ ಬಂದು ಏದುಸಿರು ಬಿಡುತ್ತ ಸರೋಜಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಗೊತ್ತು ಬಿಡ್ರೀ. ಮುನಿಯಕ್ಕ ಆವಾಗ್ಲೇ ಹೇಳಿದ್ಲು. ಊರಿಗೆಲ್ಲ ಗೊತ್ತು."

"ಊರಿಗೆಲ್ಲ ಗೊತ್ತಾ? ಮತ್ತೆ ನನಗ್ಯಾಕೆ ಇಷ್ಟು ವರ್ಷ ಯಾರೂ ಹೇಳ್ಲಿಲ್ಲ?"

"ಅಷ್ಟು ಖುಷಿಯಾಗಿ ಹೇಳ್ಕೊಂಡು ತಿರುಗ್ತಿದ್ರಿ. ಯಾಕೆ ಬೇಜಾರು ಮಾಡ್ಬೇಕು ಅಂತ. ನೀವೂ ಈ ಊರಿನ ಅಳಿಯ ಅಲ್ವಾ?"

ನಾನು ಕುರ್ಚಿಯ ಮೇಲೆ ಕುಸಿದು ಕೂತೆ. ಆಮೇಲೆ ತಲೆಯೊಳಗೆ ಏನೋ ಹೊಳೆಯಿತು. ಮುಚ್ಚಿದ ಕಣ್ಣು, ಕುಣಿಯುವ ಊರು, ಒಬ್ಬಟ್ಟು ತಿಂದು ಬೆನ್ನು ತಟ್ಟಿದ ಮುಳಬಾಗಿಲಿನವರು.

"ಸರೋಜಾ, ಮದುವೆಯಾದ ವರ್ಷ ನಾನು ಹಿಡಿದ ಆ ಕ್ಯಾಚು..." ಎಂದೆ.

ಅವಳು ಮೊರ ಎತ್ತಿಕೊಂಡು ಎದ್ದಳು. "ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ನೋಡ್ತೀನಿ ಇರಿ" ಎಂದು ಒಳಗೆ ಹೋದಳು.