ಎಣ್ಣೆ ಸೀಸೆಯ ಮೇಲೆ ನನ್ನ ಬೆನ್ನು

ಚಿತ್ರ ಬರೆಸಿಕೊಳ್ಳಲು ಕೂರುವುದು ಕಷ್ಟದ ಕೆಲಸ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಕೂರುವುದರಲ್ಲಿ ಏನಿದೆ ಕಷ್ಟ? ಹೊನ್ನಾಳಿಯ ಶಾಲೆಯಲ್ಲಿ ಹನ್ನೊಂದು ವರ್ಷ ಮೇಷ್ಟ್ರಾಗಿ ನಾನು ಮಾಡಿದ್ದೇ ಅದು!

ಆಗ ನನಗೆ ಸೊಂಟ ಮುಟ್ಟುವ ಕೂದಲಿತ್ತು, ಎದೆ ಮುಟ್ಟುವ ಗಡ್ಡವಿತ್ತು. ಶೋಕಿಗೆ ಬಿಟ್ಟದ್ದಲ್ಲ, ಹರಕೆಗೆ ಬಿಟ್ಟದ್ದು. ಮಗಳು ಗೌರಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂತು. ಪಂಡಿತರು ಕೈಚೆಲ್ಲಿ ಎದ್ದು ಹೋದರು. ನಾನು ಹೊಳೆ ದಂಡೆಯ ಈಶ್ವರನ ಗುಡಿಗೆ ಓಡಿ, ಮಗು ಉಳಿದರೆ ಅವಳಿಗೆ ಐದು ತುಂಬುವ ತನಕ ತಲೆಗೂ ಗಡ್ಡಕ್ಕೂ ಕತ್ತಿ ತಾಗಿಸುವುದಿಲ್ಲ, ತುಂಬಿದ ಮೊದಲ ಸೋಮವಾರ ಎಲ್ಲವೂ ನಿನಗೇ ಎಂದು ಬೇಡಿಕೊಂಡೆ. ಮಗು ಉಳಿಯಿತು. ಮೂರು ವರ್ಷ ಹೇನು, ಸೆಕೆ, ಊರವರ ತಮಾಷೆ ಎಲ್ಲವನ್ನೂ ಸಹಿಸಿದೆ. ಐದು ತುಂಬಲು ಇನ್ನು ಹತ್ತೇ ದಿನ ಉಳಿದಿತ್ತು.

ಆಗಲೇ ಬಂದರು ಕೊಟ್ರಪ್ಪನವರು. ಅಂಗಡಿ ಬೀದಿಯ ಸಾವ್ಕಾರರು. ಹೊಸದಾಗಿ ಕೂದಲಿನ ಎಣ್ಣೆ ಕಾಯಿಸಿ ಸೀಸೆಗೆ ತುಂಬುತ್ತಿದ್ದರು. ಸೀಸೆಗೆ ಅಂಟಿಸುವ ಚೀಟಿಗೆ ಚಿತ್ರ ಬೇಕು ಎಂದು ಬೇರೆ ಊರಿನಿಂದ ಒಬ್ಬ ಚಿತ್ರಗಾರನನ್ನು ಕರೆಸಿದ್ದರು.

"ಮೇಷ್ಟ್ರೇ, ನಿಮ್ಮಂಥ ಕೂದ್ಲು ಈ ಸೀಮೇಲೆ ಯಾರಿಗೈತೆ ಹೇಳ್ರಿ? ಎಂಟು ದಿನ ಕುಂತ್ಕಳ್ರಿ ಸಾಕು. ಚನ್ನಗಿರಿಯಿಂದ ಜಗಳೂರು ತನಕ ಮನೆಮನೇಲಿ ನಿಮ್ಮ ಚಿತ್ರ!"

ಮನೆಮನೆಯಲ್ಲಿ! ನನ್ನ ಎದೆ ಉಬ್ಬಿತು. ಆದರೂ ಮೇಷ್ಟ್ರಲ್ಲವೇ, ಗಂಭೀರವಾಗಿ ಹೇಳಿದೆ: "ನೋಡ್ರಿ ಸಾವ್ಕಾರ್ರೇ, ನಾನು ನಾನಾಗೇ ಕೂರ್ತೀನಿ. ವೇಷಗೀಷ ಹಾಕಲ್ಲ. ಹಣೆ ಮೇಲಿನ ವಿಭೂತಿ ಅಳಿಸಲ್ಲ. ಹರಕೆ ಸೋಮವಾರ ಎಣ್ಣೆ ಕೆಲಸ ಇಲ್ಲ."

"ಆಗ್ಲಿ ಬಿಡ್ರಿ, ನಿಮ್ಮ ತತ್ವ ನಿಮಗೆ" ಎಂದರು ಸಾವ್ಕಾರರು. ಎಷ್ಟು ಸುಲಭವಾಗಿ ಒಪ್ಪಿಕೊಂಡರು! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ದಿನ ಶಾಲೆ ಬಿಟ್ಟ ಮೇಲೆ, ಮಡಿ ಪಂಚೆ ಉಟ್ಟು, ವಿಭೂತಿ ದಪ್ಪಗೆ ಬಳಿದುಕೊಂಡು, ಗಡ್ಡ ಬಾಚಿಕೊಂಡು ಅವರ ಅಂಗಡಿಯ ಹಿಂದಿನ ಕೋಣೆಗೆ ಹೋದೆ. ಚಿತ್ರಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೋಡೆ ಕಡೆ ತಿರುಗ್ರಿ" ಎಂದ.

"ಮುಖ?"

"ಮುಖಕ್ಕೇನೂ ಕೆಲಸ ಇಲ್ಲ. ಬೆನ್ನು ಸಾಕು."

ತಿರುಗಿ ಕೂತೆ. ಬೆನ್ನೂ ನನ್ನದೇ ತಾನೆ ಎಂದು ಸಮಾಧಾನ ಮಾಡಿಕೊಂಡೆ. ಎರಡನೆಯ ದಿನ ಸಾವ್ಕಾರರು ಮಡಿಚಿದ ಹಸಿರು ಸೀರೆಯೊಂದನ್ನು ತಂದು, "ಬರೀ ಹೆಗಲ ಮೇಲೆ ಹೊದ್ಕಳ್ರಿ ಮೇಷ್ಟ್ರೇ. ಗಂಡಸಿನ ಚಿತ್ರ ನೋಡಿ ಯಾವ ಹೆಣ್ಮಗಳು ಎಣ್ಣೆ ತಗಂತಾಳೆ? ನಮ್ಮೂರ ಹೆಂಗಸರು ಚಿತ್ರಕ್ಕೆ ಕೂರಾಕೆ ಬರಲ್ಲ" ಎಂದು ಗೋಗರೆದರು. ಹೆಗಲ ಮೇಲೆ ಹೊದ್ದರೆ ಅದು ಶಾಲು, ಸೀರೆಯಲ್ಲ. ಹೊದ್ದೆ. ನಾಲ್ಕನೆಯ ದಿನ ಶಾಲು ಸೊಂಟಕ್ಕೂ ಇಳಿಯಿತು. ಐದನೆಯ ದಿನ ಜಡೆಗೆ ಮಲ್ಲಿಗೆ ದಂಡೆ ಬಂತು. ಆರನೆಯ ದಿನ ಮೊಣಕೈ ಕಾಣುತ್ತದೆಂದು ಬಳೆ ತೊಡಿಸಿದರು. ನನ್ನ ಷರತ್ತುಗಳಲ್ಲಿ ಸೋಮವಾರದ್ದು ಇನ್ನೂ ಬಂದಿರಲಿಲ್ಲ, ವಿಭೂತಿಯೊಂದು ಭದ್ರವಾಗಿ ಉಳಿದಿತ್ತು. ಅದು ಗೋಡೆಗೆ ಮಾತ್ರ ಕಾಣುತ್ತಿತ್ತು!

ಆ ದಣಿವು ಏನೆಂದು ಹೇಳಲಿ. ಬೆಳಿಗ್ಗೆಯಿಂದ ಮಗ್ಗಿ ಒದರಿಸಿ ಗಂಟಲು ಹೋಗಿರುತ್ತಿತ್ತು. ಸಂಜೆ ಗೋಡೆಯ ಸುಣ್ಣ ನೋಡುತ್ತಾ ಕತ್ತು ಹೋಗುತ್ತಿತ್ತು. ತುರಿಸಿದರೆ "ಅಲುಗಾಡಬ್ಯಾಡ್ರಿ!", ಸೀನಿದರೆ "ಅಯ್ಯೋ, ಜಡೆ ಜರುಗ್ತು!" ಚಿತ್ರಗಾರನ ಕೈಯೋ, ದಿನಕ್ಕೆ ನಾಲ್ಕೆಳೆ ಕೂದಲು ಬರೆದರೆ ಹೆಚ್ಚು.

ಎಂಟು ದಿನ ಕಳೆದು ಗೌರಿಗೆ ಐದೂ ತುಂಬಿತು. ಚಿತ್ರದಲ್ಲಿ ಅರ್ಧ ಜಡೆಯೂ ಆಗಿರಲಿಲ್ಲ. ಹರಕೆಯ ಸೋಮವಾರ ಬಂದೇಬಿಟ್ಟಿತು.

"ಇನ್ನೊಂದು ವಾರ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು ಸಾವ್ಕಾರರು. ದೊಡ್ಡವರು ಕಾಲಿಗೆ ಬೀಳುವುದುಂಟೇ! ಒಪ್ಪಿದೆ. ಮನೆಗೆ ಬಂದು ಹೆಂಡತಿ ಗಿರಿಜಳಿಗೆ, "ಈಶ್ವರ ಏನು ಎಲ್ಲಿಗಾದರೂ ಓಡಿಹೋಗ್ತಾನೇನೇ?" ಎಂದೆ.

"ಅವನು ಎಲ್ಲಿಗೂ ಹೋಗಲ್ಲ. ನಿಮ್ಮ ಬುದ್ಧಿ ಹೋಗೈತೆ" ಎಂದಳು ಅವಳು. "ದೇವರಿಗೆ ಅಂತ ಬಿಟ್ಟ ಕೂದ್ಲನ್ನ ಎಣ್ಣೆ ಅಂಗಡೀಲಿ ಬಾಡಿಗೆಗೆ ಬಿಟ್ಟೀರಲ್ರೀ! ಮಗಿಗೆ ಏನಾರ ಆದ್ರೆ?"

ಆ ಕೊನೆಯ ಮಾತು ಮುಳ್ಳಿನಂತೆ ಚುಚ್ಚಿತು. ಅಂದಿನಿಂದ ಗೌರಿ ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆದರೂ ಎರಡನೆಯ ಸೋಮವಾರವೂ ತಪ್ಪಿತು, ಚಿತ್ರಗಾರನಿಗೆ ತಲೆನೋವು. ಮೂರನೆಯ ಸೋಮವಾರಕ್ಕೆ "ದೇವರ ಕಾರ್ಯ" ಎಂದು ಬರೆದು ಹೆಡ್‌ಮೇಷ್ಟ್ರಿಂದ ರಜೆ ಪಡೆದೆ. ರಜೆ ಪಡೆದು ಎಲ್ಲಿಗೆ ಹೋದೆ? ಎಣ್ಣೆ ಅಂಗಡಿಗೆ! ಕತ್ತೊಂದು ಬಾಕಿ ಇದೆ, ಮಧ್ಯಾಹ್ನದೊಳಗೆ ಮುಗಿಯುತ್ತದೆ, ಆಮೇಲೆ ಗುಡಿ ಎಂದು ನಂಬಿದ್ದೆ.

ಸೀರೆ, ಬಳೆ, ಮಲ್ಲಿಗೆಯೊಂದಿಗೆ ಗೋಡೆ ನೋಡುತ್ತಾ ಕೂತಿದ್ದೇನೆ. ಪಕ್ಕದ ಮನೆಯ ನಿಂಗಮ್ಮನ ಕೂಗು ಅಂಗಡಿಯ ಬಾಗಿಲಿನಿಂದ ಕೇಳಿತು: "ಮೇಷ್ಟ್ರೇ! ಗೌರಿ ವಾಂತಿ ಮಾಡ್ಕಂತ ಐತೆ, ಬ್ಯಾಗ ಬರ್ರಿ!"

ನಾನು ಯೋಚಿಸಲಿಲ್ಲ. ಓಡಿದೆ. ನಡುಬೀದಿಗೆ ಬಂದಾಗಲೇ ಗೊತ್ತಾದದ್ದು, ನಾನು ಹೇಗಿದ್ದೆನೋ ಹಾಗೇ ಓಡುತ್ತಿದ್ದೇನೆ! ಹಿಂದಿನಿಂದ ನೋಡಿದವರಿಗೆ ಹಸಿರು ಸೀರೆಯ ಮುತ್ತೈದೆ, ಮುಂದಿನಿಂದ ನೋಡಿದವರಿಗೆ ಗಡ್ಡಧಾರಿ. ಹಣೆಯಲ್ಲಿ ವಿಭೂತಿ, ಕಣ್ಣಲ್ಲಿ ನೀರು, ಬಾಯಲ್ಲಿ "ಶಿವಾ, ತಪ್ಪಾಯ್ತೋ!" ಎಂಬ ಕೂಗು.

"ಮೇಷ್ಟ್ರ ಮೈಮ್ಯಾಲೆ ಅಮ್ಮ ಬಂದಾಳೆ!" ಎಂದಳು ಯಾರೋ ಪುಣ್ಯಾತ್ಗಿತ್ತಿ.

ಅಷ್ಟೇ ಸಾಕಾಯಿತು. ಕೊಡ ಹೊತ್ತವರು ಕಾಲಿಗೆ ನೀರು ಸುರಿದರು. ಒಬ್ಬರು ಅರಿಶಿನ ಎರಚಿದರು. ಒಬ್ಬ ಮುದುಕಿ ಸೆರಗು ಹಿಡಿದು, "ತಾಯೀ, ನಮ್ಮ ಎಮ್ಮಿ ಈ ಸಲನಾದ್ರೂ ಹೆಣ್ಗರ ಹಾಕ್ತೈತಾ?" ಎಂದಳು. "ಹಾಕ್ತೈತೆ, ಬಿಡು ಅಜ್ಜೀ!" ಎಂದು ಕೊಸರಿಕೊಂಡು ಓಡಿದೆ. ಅಮ್ಮ ವರ ಕೊಟ್ಟಳೆಂದು ಜನ ಇನ್ನೂ ಹೆಚ್ಚಾದರು! ಶಾಲೆಯ ಜಗಲಿಯಲ್ಲಿ ಹೆಡ್‌ಮೇಷ್ಟ್ರು ನಿಂತಿದ್ದರು. ದೇವರ ಕಾರ್ಯಕ್ಕೆ ರಜೆ ಕೊಟ್ಟವರು ಅವರೇ ತಾನೆ. ಭಕ್ತಿಯಿಂದ ಕೈಮುಗಿದರು.

ಮನೆ ಮುಟ್ಟುವಾಗ ಬೆನ್ನ ಹಿಂದೆ ಅರ್ಧ ಊರಿತ್ತು. ಗೌರಿ ಜಗಲಿ ಮೇಲೆ ಬಾಯಿ ಒರೆಸಿಕೊಳ್ಳುತ್ತಾ ಕೂತಿದ್ದಳು. ನಿಂಗಮ್ಮನ ಹಿತ್ತಿಲ ಹುಣಸೆಕಾಯಿಯನ್ನು ಹೊಟ್ಟೆ ಬಿರಿಯೆ ತಿಂದಿದ್ದಳಂತೆ. ನನ್ನನ್ನು ಕಂಡು, "ಅಪ್ಪಾ, ಹೂವ ಚಂದ ಐತೆ" ಎಂದಳು. ನಾನು ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ನಾಚಿಕೆಯಾಯಿತು, ಆದರೆ ಅಳು ನಿಲ್ಲಲಿಲ್ಲ.

ಗಿರಿಜ ಸೀರೆ ಬಿಚ್ಚಿಸಿ, ಪಂಚೆ ಕೊಟ್ಟು, "ನಡೀರಿ" ಎಂದಳು, ಅಷ್ಟೇ. ಮಗುವನ್ನು ನಿಂಗಮ್ಮನ ಹತ್ತಿರ ಬಿಟ್ಟು ಇಬ್ಬರೂ ಹೊಳೆ ದಂಡೆಗೆ ಹೋದೆವು. ಗುಡಿಯ ಕ್ಷೌರದವರು ಗಡ್ಡ, ಮೀಸೆ, ತಲೆ ಎಲ್ಲವನ್ನೂ ನುಣ್ಣಗೆ ತೆಗೆದರು. ಹೊಳೆಯಲ್ಲಿ ಮುಳುಗಿ ಎದ್ದಾಗ ಮೂರು ವಾರದ ಭಾರ ಇಳಿದಂತಾಯಿತು. ಕೊನೆಗೂ ಕೊಟ್ಟ ಮಾತು ಉಳಿಸಿಕೊಂಡೆ, ಕೊನೆಗೂ ನಾನು ನಾನಾದೆ ಎಂದು ಹೆಮ್ಮೆಯಿಂದ ಮನೆಗೆ ಬಂದೆ.

ಗೌರಿ ನನ್ನನ್ನು ನೋಡಿ ಕಿಟಾರನೆ ಕಿರುಚಿದಳು. ಎರಡು ವರ್ಷದವಳಿದ್ದಾಗಿನಿಂದ ಅವಳು ನೋಡಿದ್ದು ಕೂದಲ ಅಪ್ಪನನ್ನೇ. "ಗೌರೀ, ನಾನೇ ಕಣಮ್ಮ" ಎಂದರೆ, ಅಮ್ಮನ ಸೆರಗಿನೊಳಗೆ ಹೊಕ್ಕು, "ಇವನು ಬ್ಯಾಡ, ನನ್ನ ಅಪ್ಪ ಬೇಕೂ!" ಎಂದು ರಚ್ಚೆ ಹಿಡಿದಳು. ಯಾರಿಗಾಗಿ ಬೆಳೆಸಿ, ಯಾರಿಗಾಗಿ ಬೋಳಿಸಿದೆನೋ ಅವಳೇ!

ಅಷ್ಟರಲ್ಲಿ ಕೊಟ್ರಪ್ಪನವರು ಕಂಕುಳಲ್ಲಿ ಚಿತ್ರ ಇಟ್ಟುಕೊಂಡು ಬಂದರು. ಮುಖ ಹುಳ್ಳಗಿತ್ತು.

"ಎಂಥಾ ಕೆಲಸ ಮಾಡಿದ್ರಿ ಮೇಷ್ಟ್ರೇ! ಈ ಎಣ್ಣೆ ಹಚ್ಚಿ ಮೇಷ್ಟ್ರ ತಲೆ ಬೋಳಾತು ಅಂತ ಊರೆಲ್ಲಾ ಸುದ್ದಿ. ಈ ಚಿತ್ರ ಇನ್ಯಾಕೆ ನಂಗೆ? ನೀವೇ ಇಟ್ಕಳ್ರಿ." ಗೋಡೆಗೆ ಒರಗಿಸಿ ಹೊರಟೇ ಹೋದರು.

ಹಸಿರು ಸೀರೆ, ನೀಳ ಜಡೆ, ಮಲ್ಲಿಗೆ ದಂಡೆ. ಗೌರಿ ಸೆರಗಿನಿಂದ ಇಣುಕಿದಳು. ಅಳು ನಿಂತಿತು.

"ಅಪ್ಪಾ!" ಎಂದು ಓಡಿಹೋಗಿ ಚಿತ್ರವನ್ನು ಅಪ್ಪಿಕೊಂಡಳು.

ಊಟಕ್ಕೆ ಕೂತಾಗಲೂ ಚಿತ್ರ ಅವಳ ಪಕ್ಕದಲ್ಲೇ, ಅದರ ಮುಂದೊಂದು ತುತ್ತು ಮುದ್ದೆ. ಎದುರಿಗೆ ಕೂತ ನನ್ನನ್ನು ಓರೆಗಣ್ಣಿನಲ್ಲಿ ನೋಡಿ, ಮೆಲ್ಲಗೆ ತಾಯಿಯನ್ನು ಕೇಳಿದಳು: "ಅವ್ವಾ, ಈ ಮಾವ ಯಾವಾಗ ಹೋಗ್ತಾನೆ?"

ಗಿರಿಜ ನನ್ನ ಬೋಳು ತಲೆಯನ್ನೊಮ್ಮೆ ನೋಡಿದಳು.

"ಉಣ್ಣಲಿ ಬಿಡು, ಪಾಪ," ಎಂದಳು. "ಆಮೇಲೆ ಕೇಳಾನ."